ಎಂಜಿನಿಯರುಗಳ ಸಾಲಿನಲ್ಲಿ ನೀವೆಲ್ಲಿ?

ಎಂಜಿನಿಯರಿಂಗ್ ಮುಗಿಸಿ ಎಂ.ಬಿ.ಎ. ಮಾಡಬೇಕೆಂಬ ಹಂಬಲ ನಿಮ್ಮಲ್ಲಿ ಹಲವರಿಗಿದೆ. 1973ರಲ್ಲಿ ಆರಂಭವಾದ ಬೆಂಗಳೂರಿನ ಐ.ಐ.ಎಂ. ಸೇರಬೇಕಾದರೆ ಮೊದಲು ಕ್ಯಾಟ್ ಪರೀಕ್ಷೆ, ಆಮೇಲೆ ಸಂದರ್ಶನ. ಕ್ಯಾಟ್‌ನ ಗಣಿತಕ್ಕೆ ನೀವು ಹೆದರಬೇಕಾಗಿಲ್ಲ. ತೊಡಕಿರುವುದು ಬೇರೆಡೆ. ಅಲ್ಲಿಗೆ ಬರುವವರಲ್ಲಿ ಎಂಜಿನಿಯರುಗಳೇ ಹೆಚ್ಚು. ಬೇರೆ ಪದವಿಯವರಿಗೆ ಒಂದಿಷ್ಟು ಹೆಚ್ಚುವರಿ ಅಂಕ ಕೊಡುವ ಐ.ಐ.ಎಂ.ಗಳೂ ಇವೆ. ಬಿ.ಇ. ಎಂಬ ಎರಡಕ್ಷರ ಯಾರ ಕಣ್ಣಿಗೂ ಬೀಳುವುದಿಲ್ಲ.

ಹಾಗಾದರೆ ಬೀಳುವುದೇನು? ಒಮ್ಮೆ ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಹೋಗಿ ಬನ್ನಿ. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಈ ಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಸತ್ವ ತೆಗೆಯುವ ಕಾರ್ಖಾನೆಗಳಿಗೆ ಬೇಕಾದದ್ದೂ ಆ ಬಣ್ಣವೇ. ತೇವ ಉಳಿದರೆ ಬೆಲೆ ಇಳಿಯುತ್ತದೆ. ಕಾಯಿಯನ್ನು ಎಷ್ಟು ಒಣಗಿಸಬೇಕು? ಕೋಲ್ಡ್ ಸ್ಟೋರೇಜಿಗೆ ಬಾಡಿಗೆ ಕೊಟ್ಟು ಕಾಯುವುದು ಲಾಭವೇ? 2024ರ ಮಾರ್ಚಿನಲ್ಲಿ ಬೆಲೆ ಕುಸಿದಾಗ ರೈತರು ಅಷ್ಟು ರೊಚ್ಚಿಗೆದ್ದದ್ದೇಕೆ? ಮೊದಲನೆಯದಕ್ಕೆ ನಿಮ್ಮ ವಿಜ್ಞಾನ ಉತ್ತರ ಕೊಡುತ್ತದೆ, ಉಳಿದೆರಡಕ್ಕೆ ಸಾಲದು. "ಎಂಜಿನಿಯರಿಂಗ್ ಓದಿ ಇಲ್ಲಿಗೇಕೆ ಬಂದಿರಿ?" ಎಂದು ಸಂದರ್ಶಕರು ಕೇಳಿದಾಗ ಆ ಎರಡನ್ನೇ ಮುಂದಿಡಿ.

ರಾಣೆಬೆನ್ನೂರಿನವರಿಗೆ ಬೀಜೋತ್ಪಾದನೆ ಇದೆ, ಹಾವೇರಿಯವರಿಗೆ ಏಲಕ್ಕಿ ಹಾರವಿದೆ. ಆದರೆ ನೋಡದೆ ಮಾತಾಡಬೇಡಿ. ಒಂದು ಮರುಪ್ರಶ್ನೆಗೇ ಬಣ್ಣ ಬಯಲಾಗುತ್ತದೆ. "ನನ್ನಲ್ಲಿ ನಾಯಕತ್ವದ ಗುಣವಿದೆ" ಎಂಬ ಬಾಯಿಪಾಠವೂ ಬೇಡ. (ಕ್ಯಾಮೆರಾ ಮುಂದೆ ಇಂಥ ಮಾತು ಎಷ್ಟು ಸಪ್ಪೆಯೆಂಬುದು ನನಗೆ ಗೊತ್ತು.) ನಿಮ್ಮ ಪ್ರಾಜೆಕ್ಟನ್ನು ಪೇಟೆಯ ದಲಾಲರೊಬ್ಬರಿಗೆ ಕನ್ನಡದಲ್ಲಿ ವಿವರಿಸಿ ನೋಡಿ. ಅವರು ಕೇಳುವ ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಿ.