ತಾರಸಿಯ ನೀರು, ಸಂಪಿನ ಲೆಕ್ಕ



2024ರ ಬೇಸಿಗೆಯಲ್ಲಿ ಬೆಂಗಳೂರಿಗೆ ಫೋನ್ ಮಾಡಿದಾಗ ನಮ್ಮಲ್ಲಿ ಅನೇಕರಿಗೆ ಕೇಳಿಸಿದ ಮೊದಲ ಮಾತು, "ಟ್ಯಾಂಕರ್ ಇನ್ನೂ ಬಂದಿಲ್ಲ." ಸಾವಿರಾರು ಕೊಳವೆಬಾವಿಗಳು ಬತ್ತಿದ್ದವು. ಆ ಅಕ್ಟೋಬರ್‌ನಲ್ಲಿ ಕಾವೇರಿ ಐದನೆಯ ಹಂತ ಉದ್ಘಾಟನೆಯಾಯಿತು, ದಿನಕ್ಕೆ 77.5 ಕೋಟಿ ಲೀಟರ್‌ನ ಯೋಜನೆ. ಸಂತೋಷವೇ. ಆದರೆ ಅದೂ ಸುಮಾರು 100 ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರ್‌ನಷ್ಟು ಎತ್ತರಕ್ಕೆ ಪಂಪ್ ಮಾಡಿ ತರುವ ನೀರು. ತಾರಸಿಯ ಮೇಲೆ ಬೀಳುವ ನೀರಿಗೆ ಪಂಪ್ ಬೇಡ.

ಮಕ್ಕಳೇ, ಈ ಲೆಕ್ಕ ನಿಮಗೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಬೆಂಗಳೂರಿನ ವಾರ್ಷಿಕ ಮಳೆ ಸರಾಸರಿ 970 ಮಿಲಿಮೀಟರ್. 100 ಚದರ ಮೀಟರ್ ತಾರಸಿಗೆ 97,000 ಲೀಟರ್! ಐದರಲ್ಲೊಂದು ಪಾಲು ಆವಿಯಾಗಿ, ಚೆಲ್ಲಿ ಹೋಯಿತೆಂದರೂ ಸುಮಾರು 77,000 ಉಳಿಯಿತು. ತಲೆಗೆ ದಿನಕ್ಕೆ 135 ಲೀಟರ್‌ನಂತೆ ನಾಲ್ಕು ಜನರ ಸಂಸಾರಕ್ಕೆ ನಾಲ್ಕು ತಿಂಗಳಿಗೂ ಮಿಕ್ಕಿ ಬರುತ್ತದೆ.

ತೊಡಕು ಬೇರೆ ಇದೆ. ಒಂದು ಸಂಜೆ ಐದು ಸೆಂಟಿಮೀಟರ್ ಸುರಿದರೆ 5,000 ಲೀಟರ್. ಅರ್ಧ ತುಂಬಿದ ಸಂಪು ಆಗಲೇ ತುಳುಕುತ್ತದೆ. ಮಿಕ್ಕಿದ್ದನ್ನು ಇಂಗುಬಾವಿಗೆ ಬಿಡಬೇಕು: ಮೂರಡಿ ಅಗಲ, ಇಪ್ಪತ್ತಡಿ ಆಳ, ಸುತ್ತ ಸಿಮೆಂಟ್ ರಿಂಗ್. ಇದನ್ನು ತೋಡಲು ತಲೆತಲಾಂತರದಿಂದ ಬಾವಿ ತೋಡುತ್ತ ಬಂದ ಕುಟುಂಬಗಳು ಬೆಂಗಳೂರಿನಲ್ಲಿ ಇಂದಿಗೂ ಇವೆ. ವಿಜ್ಞಾನಿ ಎ. ಆರ್. ಶಿವಕುಮಾರ್ ಅವರಂತೂ 1990ರ ದಶಕದಲ್ಲಿ ಕಟ್ಟಿದ ಮನೆಗೆ ಕಾವೇರಿ ನಲ್ಲಿಯನ್ನೇ ಹಾಕಿಸದೆ ಮಳೆನೀರಿನಲ್ಲೇ ಸಂಸಾರ ತೂಗಿಸಿದರು.

2009ರಲ್ಲೇ ಕಾನೂನು ಬಂದು, ಹೊಸದಾಗಿ ಕಟ್ಟುವ 30x40 ಸೈಟಿನ ಮನೆಗೂ ಮಳೆನೀರು ಸಂಗ್ರಹ ಕಡ್ಡಾಯವಾಯಿತು. ಬಾಡಿಗೆಗೆ ಕೊಟ್ಟಿರುವ ನನ್ನ ಮನೆಯಲ್ಲೂ ಪೈಪ್ ಇತ್ತು. ಹೋದ ಸಲ ಊರಿಗೆ ಹೋದಾಗ ನೋಡಿದೆ, ಅದರ ಕೊನೆ ಚರಂಡಿಯಲ್ಲಿತ್ತು. ಬಾಡಿಗೆಯವರು ಟ್ಯಾಂಕರ್‌ಗೆ ದುಡ್ಡು ಸುರಿಯುತ್ತಿದ್ದರು. ನಾನು ಇಲ್ಲಿ ನೀರಿನ ಬಗ್ಗೆ ಭಾಷಣ ಮಾಡುತ್ತಿದ್ದೆ!

ಆದ್ದರಿಂದ ದೇಣಿಗೆ ಕೇಳುವಾಗ ಒಂದು ಶರತ್ತು. ಶಾಲೆಯ ತಾರಸಿಗೆ ಫಿಲ್ಟರ್ ಹಾಕಿಸಿ, ಫೋಟೋ ತೆಗೆಸಿಕೊಂಡು ಬಂದರೆ ಸಾಲದು. ಪ್ರತಿ ವರ್ಷ ಮುಂಗಾರಿಗೆ ಮುಂಚೆ ಯಾರೋ ತಾರಸಿ ಗುಡಿಸಬೇಕು, ಜಲ್ಲಿ ಮರಳು ತೊಳೆಯಬೇಕು, ಮೊದಲ ಮಳೆಯ ಕೊಳೆನೀರನ್ನು ಹೊರಗೆ ಬಿಡಬೇಕು. ಆ ಕೆಲಸದ ಕೂಲಿಯನ್ನೂ ಐದು ವರ್ಷಕ್ಕೆ ಸೇರಿಸಿಯೇ ಕೊಡೋಣ. ಶಾಲೆಗಳ ಸಂಖ್ಯೆ ಕಡಿಮೆಯಾದರೂ ಚಿಂತೆಯಿಲ್ಲ.

ದೇಣಿಗೆಯ ಫಾರಂ ಬಾಗಿಲ ಬಳಿಯ ಮೇಜಿನ ಮೇಲಿದೆ. ಬೆಂಗಳೂರಿನಲ್ಲಿ ಮನೆ ಇರುವವರು ನಿಮ್ಮ ಪೈಪ್ ಎಲ್ಲಿಗೆ ಹೋಗುತ್ತದೆ ಎಂದು ಇಂದೇ ಫೋನ್ ಮಾಡಿ ಕೇಳಿ.