ಎಲುಬಿನ ಬೆಸುಗೆಯೂ ಕಾಡಿನ ನೆಮ್ಮದಿಯೂ

(ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)



ನಾನು ಘಟ್ಟದ ಕೆಳಗಣ ಬಂಟವಾಳ ತಾಲೂಕಿನ ಕಲ್ಲಡ್ಕದ ಕಡೆಯವನು. ವೃತ್ತಿಯಿಂದ ಎಲುಬು ಕೀಲುಗಳ ಶಸ್ತ್ರವೈದ್ಯನು. ಅಂಥವನಿಗೆ ಕಾಡುಮೃಗಗಳ ನಡತೆಯನ್ನು ಕುರಿತು ಮಾತನಾಡುವ ಅಧಿಕಾರವೆಲ್ಲಿಯದೆಂದು ತಮಗೆ ತೋರಬಹುದು. ಮಂಗಳೂರಿನಿಂದ ಹೊರಟು ಶಿರಾಡಿ ಘಟ್ಟವನ್ನೇರಿ ಬೆಂಗಳೂರಿಗೆ ಹೋಗುವ ಹೆದ್ದಾರಿಯು ನಮ್ಮ ಕಲ್ಲಡ್ಕವನ್ನು ಹಾದುಹೋಗುತ್ತದೆ. ಬೆಳ್ತಂಗಡಿಯ ಮೂಲಕ ಚಾರ್ಮಾಡಿ ಘಟ್ಟವನ್ನೇರುವ ಇನ್ನೊಂದು ಹೆದ್ದಾರಿಯೂ ನಮಗೆ ದೂರವಲ್ಲ. ಈ ಎರಡು ದಾರಿಗಳಲ್ಲಿ ಮನುಷ್ಯರ ಎಲುಬು ಮುರಿಯುವುದನ್ನೂ ಮೃಗಗಳ ಬಾಳು ಕದಡುವುದನ್ನೂ ನಾವು ಒಟ್ಟಿಗೇ ಕಾಣುತ್ತೇವೆ. ತಮ್ಮಲ್ಲಿ ಎಷ್ಟೋ ಮಂದಿ ಶಿವರಾತ್ರಿಯ ಕಾಲದಲ್ಲಿ ಕಾಲ್ನಡಿಗೆಯಿಂದಲೋ ವಾಹನದಿಂದಲೋ ಚಾರ್ಮಾಡಿಯನ್ನಿಳಿದು ಧರ್ಮಸ್ಥಳಕ್ಕೆ ಹೋಗಿಬಂದವರಿರಬಹುದು. ಆದುದರಿಂದ ಈ ವಿಷಯವು ತಮಗೂ ನನಗೂ ಸಮಾನವಾದುದೇ ಸರಿ.

ಮೊದಲು ಎಲುಬಿನ ಮಾತು. ವೈದ್ಯನು ಮುರಿದ ಎಲುಬನ್ನು ಕೂಡಿಸಿದನೆಂದು ಜನರು ಹೇಳುವುದುಂಟು. ಇದು ಉಪಚಾರದ ಮಾತೇ ಹೊರತು ವಸ್ತುಸ್ಥಿತಿಯಲ್ಲ. ಎಲುಬು ತನ್ನನ್ನು ತಾನೇ ಕೂಡಿಸಿಕೊಳ್ಳುವುದು. ಮುರಿದೊಡನೆ ಆ ಸ್ಥಳದಲ್ಲಿ ರಕ್ತವು ಸೋರಿ ಹೆಪ್ಪುಗಟ್ಟುವುದು. ಕೆಲವು ದಿವಸಗಳಲ್ಲಿ ಆ ಹೆಪ್ಪಿನೊಳಗೆ ಹೊಸ ರಕ್ತನಾಳಗಳು ಹುಟ್ಟುವುವು. ಎರಡು ಮೂರು ವಾರಗಳಲ್ಲಿ ಎರಡು ತುದಿಗಳ ನಡುವೆ ಮೆಲ್ಲೆಲುಬಿನ ಗಂಟೊಂದು ಬೆಳೆಯುವುದು. ಆ ಬಳಿಕ ಅದರಲ್ಲಿ ಸುಣ್ಣದ ಅಂಶವು ಸೇರಿ ಅದು ಗಟ್ಟಿಯಾದ ಎಲುಬಾಗಿ ಮಾರ್ಪಡುವುದು. ದೊಡ್ಡವರ ಮೊಳಕಾಲಿನ ಕೆಳಗಣ ಎಲುಬು ಹೀಗೆ ಕೂಡಬೇಕಾದರೆ ಸಾಮಾನ್ಯವಾಗಿ ಮೂರು ನಾಲ್ಕು ತಿಂಗಳುಗಳು ಬೇಕು. ಈ ಕೆಲಸವನ್ನು ಯಾವ ವೈದ್ಯನೂ ಮಾಡಲಾರನು. ತುದಿಗಳನ್ನು ಸರಿಯಾದ ನೆಲೆಗೆ ತಂದು ನಿಲ್ಲಿಸುವುದು, ಅಲ್ಲಿ ನಡೆಯುವ ಕೆಲಸಕ್ಕೆ ಅಡ್ಡಿ ಬಾರದಂತೆ ಕಾಯುವುದು, ಉಳಿದ ದೇಹವು ಸೊರಗದಂತೆ ನೋಡಿಕೊಳ್ಳುವುದು, ಈ ಮೂರೇ ಅವನ ಪಾಲಿನ ಸೇವೆ.

ನಮ್ಮ ಹಿರಿಯರು ಇದನ್ನು ಚೆನ್ನಾಗಿ ಅರಿತಿದ್ದರು. ಸುಶ್ರುತಸಂಹಿತೆಯಲ್ಲಿ ಭಗ್ನಚಿಕಿತ್ಸೆಗೆಂದೇ ಒಂದು ಅಧ್ಯಾಯವಿದ್ದು, ಮರದ ತೊಗಟೆ, ಬಿದಿರು ಮೊದಲಾದವುಗಳ ಪಟ್ಟಿಯಿಟ್ಟು ಕಟ್ಟುವ ಕ್ರಮವು ಅದರಲ್ಲಿ ವಿವರಿಸಲ್ಪಟ್ಟಿದೆ. ಕಟ್ಟು ಸಡಿಲವಾದರೆ ಎಲುಬು ನಿಲ್ಲದು, ಅತಿ ಬಿಗಿಯಾದರೆ ಊತವೂ ನೋವೂ ಉಂಟಾಗುವುವೆಂಬ ಎಚ್ಚರಿಕೆಯೂ ಅಲ್ಲಿದೆ. ೧೮೫೨ರಲ್ಲಿ ಹಾಲೆಂಡಿನ ಸೈನ್ಯವೈದ್ಯನಾದ ಮಾಥೈಸೆನ್ ಎಂಬಾತನು ಬಟ್ಟೆಯ ಪಟ್ಟಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಎಂಬ ಗಚ್ಚನ್ನು ಬಳಿದು ಕಟ್ಟುವ ಪದ್ಧತಿಯನ್ನು ಪ್ರಚಾರಕ್ಕೆ ತಂದನು. ಲಿವರ್ಪೂಲಿನ ಹ್ಯೂ ಓವನ್ ಥಾಮಸನು ವಿಶ್ರಾಂತಿಯೇ ಎಲುಬಿನ ಔಷಧವೆಂದು ತನ್ನ ಜೀವಮಾನವೆಲ್ಲ ಸಾರಿದನು. ಅವನು ರೂಪಿಸಿದ ಕಾಲುಪಟ್ಟಿಯು ಅವನ ಮರಣಾನಂತರ ಒಂದನೆಯ ಮಹಾಯುದ್ಧದಲ್ಲಿ ತೊಡೆಯೆಲುಬು ಮುರಿದ ಅನೇಕ ಸೈನಿಕರ ಪ್ರಾಣವನ್ನುಳಿಸಿತು.

ಆದರೆ ಬರಿಯ ನಿಶ್ಚಲತೆಯೂ ಹಿತವಲ್ಲ. ಹೊರುವ ಭಾರಕ್ಕೆ ತಕ್ಕಂತೆ ಎಲುಬು ತನ್ನನ್ನು ತಿದ್ದಿಕೊಳ್ಳುವುದೆಂದು ಜರ್ಮನಿಯ ಯೂಲಿಯುಸ್ ವೊಲ್ಫ್ ಎಂಬ ಶಸ್ತ್ರವೈದ್ಯನು ೧೮೯೨ರಲ್ಲಿ ತೋರಿಸಿಕೊಟ್ಟನು. ತಿಂಗಳುಗಟ್ಟಲೆ ಹಾಸಿಗೆಯಲ್ಲಿ ಮಲಗಿದವನ ಎಲುಬು ತೆಳುವಾಗುವುದು, ಕೀಲುಗಳು ಬಿಗಿಯುವುವು, ಮಾಂಸಖಂಡಗಳು ಕರಗುವುವು. ಆದಕಾರಣವೇ ೧೯೩೯ರಲ್ಲಿ ಕೀಲ್ ಎಂಬ ಪಟ್ಟಣದ ಕುಂಟ್‌ಷರ್ ಎಂಬಾತನು ತೊಡೆಯೆಲುಬಿನ ಕೊಳವೆಯೊಳಗೆ ಲೋಹದ ಸಲಾಕೆಯನ್ನು ಹೊಗಿಸಿ ರೋಗಿಯನ್ನು ಬೇಗನೆ ನಡೆಯಿಸುವ ಮಾರ್ಗವನ್ನು ತೆರೆದನು. ಮುರಿದ ಕಡೆಗೆ ನೆಮ್ಮದಿ, ಉಳಿದ ಕಡೆಗೆ ಸಂಚಾರ, ಇದು ಈ ಕಾಲದ ಎಲುಬುವೈದ್ಯದ ಸಾರವು.

ನಮ್ಮ ಸೀಮೆಯಲ್ಲಿ ಈ ತಿಳಿವಳಿಕೆಯು ದಿನನಿತ್ಯದ ಅವಶ್ಯಕತೆಯಾಗಿದೆ. ಅಡಕೆಯೇ ನಮ್ಮ ಬದುಕು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಸಿಂಪಡಿಸುವುದಕ್ಕಾಗಿ ಜಾರುವ ಮರವನ್ನು ಏರಲೇಬೇಕು. ಏರಿದವರಲ್ಲಿ ಬೀಳುವವರೂ ಉಂಟು. ನಮ್ಮ ತಾಲೂಕಿನ ಸಜಿಪಮೂಡದ ಗಣಪತಿ ಭಟ್ಟರೆಂಬ ಕೃಷಿಕರು ಕುಳಿತುಕೊಂಡೇ ಮರವನ್ನೇರುವ ಯಂತ್ರವೊಂದನ್ನು ನಿರ್ಮಿಸಿ ೨೦೧೯ರಲ್ಲಿ ದೇಶದ ಗಮನವನ್ನು ಸೆಳೆದುದು ಈ ಕಷ್ಟದ ಫಲವೇ ಆಗಿದೆ. ನೆಲದಲ್ಲಿ ನಿಂತೇ ಕೆಲಸ ಮಾಡಬಹುದಾದ ಉದ್ದನೆಯ ಹಗುರ ದೋಟಿಯೂ ಈಗ ಬಳಕೆಗೆ ಬಂದಿದೆ. ಇಷ್ಟಾದರೂ ಬಿದ್ದವನು ಬೆನ್ನು ನೋವೆಂದರೆ ಅವನನ್ನು ಎತ್ತಿ ಕೂರಿಸಬಾರದು; ಬೆನ್ನು ಬಾಗದಂತೆ ಹಲಗೆಯ ಮೇಲೆ ಮಲಗಿಸಿಯೇ ಒಯ್ಯಬೇಕು. ಕೈಕಾಲು ಮುರಿದರೆ ಎಣ್ಣೆ ಹಚ್ಚಿ ತಿಕ್ಕಬಾರದು. ಮುರಿದ ಸ್ಥಳದ ಮೇಲಣ ಕೀಲೂ ಕೆಳಗಣ ಕೀಲೂ ಅಲುಗದಂತೆ ಪಟ್ಟಿ ಕಟ್ಟಿ ಆಸ್ಪತ್ರೆಗೆ ಸೇರಿಸಬೇಕು. ಕಟ್ಟಿದ ಬಳಿಕ ಬೆರಳುಗಳು ತಣ್ಣಗಾಗಿ ಬಿಳಿಚಿ ಜೋಮು ಹಿಡಿದು ನೋವು ತಾಳಲಾರದಷ್ಟಾದರೆ ತಡಮಾಡದೆ ಕಟ್ಟನ್ನು ಸಡಿಲಿಸಬೇಕು. ಕೆಲವೇ ಗಂಟೆಗಳ ವಿಳಂಬದಿಂದ ಒಳಗಣ ಮಾಂಸವು ಸತ್ತು ಅಂಗವೇ ಕೈಬಿಟ್ಟುಹೋಗುವುದುಂಟು. ಮಹಾಶಯರೇ, ಈ ನಾಲ್ಕು ಮಾತುಗಳನ್ನಾದರೂ ಮನೆಗೆ ಕೊಂಡೊಯ್ಯಬೇಕೆಂದು ಬೇಡುವೆನು.

ಇನ್ನು ಮೃಗಗಳ ಕಡೆಗೆ ತಿರುಗುವೆನು. ಕಾಡಿನಲ್ಲಿ ಎಲುಬು ಮುರಿದ ಪ್ರಾಣಿಗೆ ಗತಿಯೇನು? ಆಡಾಲ್ಫ್ ಷುಲ್ಟ್ಸ್ ಎಂಬ ವಿದ್ವಾಂಸನು ೧೯೩೭ರಲ್ಲಿ ಸಯಾಮ್ ದೇಶಕ್ಕೆ ಹೋದ ತಂಡವು ತಂದ ಗಿಬ್ಬನ್ ಎಂಬ ಬಾಲವಿಲ್ಲದ ವಾನರಗಳ ಅಸ್ಥಿಪಂಜರಗಳನ್ನು ಪರೀಕ್ಷಿಸಿದನು. ಬೆಳೆದ ವಾನರಗಳಲ್ಲಿ ಸುಮಾರು ಮೂರನೆಯ ಒಂದು ಪಾಲಿನವುಗಳಲ್ಲಿ ಹಿಂದೆ ಮುರಿದು ಮತ್ತೆ ಕೂಡಿಕೊಂಡ ಎಲುಬುಗಳು ಕಂಡುಬಂದುವು. ಕಟ್ಟಿದವರಿಲ್ಲ, ಗಚ್ಚು ಬಳಿದವರಿಲ್ಲ; ಆದರೂ ಅವು ಕೂಡಿಕೊಂಡುವು. ಗಾಯಗೊಂಡ ಪ್ರಾಣಿಯು ತಾನೇ ತನ್ನ ಚಲನೆಯನ್ನು ಕಡಿಮೆ ಮಾಡಿಕೊಂಡು, ಮರೆಯಲ್ಲಿದ್ದು, ಹತ್ತಿರ ಸಿಕ್ಕಿದುದನ್ನು ತಿಂದು ಕಾಲ ಕಳೆಯುವುದು. ಆದರೆ ಹಾಗೆ ಮರೆಯಲ್ಲಿರುವುದಕ್ಕೆ ಮರೆಯೆಂಬುದು ಇರಬೇಕಲ್ಲವೇ? ಇಲ್ಲಿಯೇ ಎಲುಬಿನ ಶಾಸ್ತ್ರವೂ ಮೃಗಗಳ ನಡತೆಯ ಶಾಸ್ತ್ರವೂ ಒಂದನ್ನೊಂದು ಸಂಧಿಸುತ್ತವೆ.

ಸ್ವಿಟ್ಜರ್ಲೆಂಡಿನ ಹೈನಿ ಹೆಡಿಗರ್ ಎಂಬ ಪ್ರಾಣಿಶಾಸ್ತ್ರಜ್ಞನು ಪ್ರತಿಯೊಂದು ಕಾಡುಮೃಗಕ್ಕೂ ಒಂದು ಪಲಾಯನದ ಅಂತರವುಂಟೆಂದು ವಿವರಿಸಿದನು. ಮನುಷ್ಯನು ಆ ಅಂತರದ ಆಚೆಯಿರುವವರೆಗೆ ಮೃಗವು ಮೇಯುತ್ತಲೇ ಇರುವುದು. ಅಂತರವನ್ನು ದಾಟಿದೊಡನೆ ಅದು ಓಡುವುದು. ಓಟವೊಂದೇ ನಷ್ಟವಲ್ಲ. ಮೇವಿನ ಹೊತ್ತು ಹೋಗುವುದು, ಮರಿಯು ಅಗಲುವುದು, ನೀರಿನ ಕಡೆಗೆ ಮರಳಿ ಬರುವ ಧೈರ್ಯವು ಕುಂದುವುದು. ೨೦೧೮ರಲ್ಲಿ ಕೇಟ್ಲಿನ್ ಗೇನರ್ ಮತ್ತು ಆಕೆಯ ಸಂಗಡಿಗರು ಆರು ಖಂಡಗಳಲ್ಲಿ ನಡೆದ ೭೬ ಅಧ್ಯಯನಗಳನ್ನು ಒಟ್ಟುಗೂಡಿಸಿ, ೬೨ ಜಾತಿಯ ಸಸ್ತನಿಗಳ ವಿಷಯವನ್ನು ಪರಿಶೀಲಿಸಿದರು. ಮನುಷ್ಯರ ಸುಳಿದಾಟವು ಹೆಚ್ಚಿದಲ್ಲಿ ಮೃಗಗಳ ರಾತ್ರಿಸಂಚಾರವು ಸರಾಸರಿ ೧.೩೬ ಪಟ್ಟು ಹೆಚ್ಚಿತು. ಹಗಲು ಇರುಳುಗಳಲ್ಲಿ ಸಮವಾಗಿ ತಿರುಗುತ್ತಿದ್ದ ಮೃಗವು ತನ್ನ ಸಂಚಾರದ ನೂರಕ್ಕೆ ೬೮ ಪಾಲನ್ನು ಇರುಳಿಗೆ ದೂಡಿತೆಂದು ಇದರ ಅರ್ಥ. ಬೇಟೆಗಾರನಿಗೆ ಮಾತ್ರವೇ ಅಲ್ಲ, ಬರಿಗೈಯಲ್ಲಿ ನಡೆದುಹೋಗುವವನಿಗೂ ಅವು ಹಾಗೆಯೇ ಹೆದರಿದುವು. ನಾವು ಹಿಂಸೆ ಮಾಡಲಿಲ್ಲವಲ್ಲಾ ಎಂಬ ಸಮಾಧಾನವು ಮೃಗಗಳಿಗೆ ತಿಳಿಯದು.

ಒಳಗಣ ಸ್ಥಿತಿಯೂ ಈಗ ಅಳತೆಗೆ ಸಿಕ್ಕಿದೆ. ಹೈದರಾಬಾದಿನ ಸಿ.ಸಿ.ಎಂ.ಬಿ. ಸಂಸ್ಥೆಯ ಸಂಶೋಧಕರು ಬಾಂಧವಗಢ, ಕಾನ್ಹಾ ಅರಣ್ಯಗಳ ಹುಲಿಗಳ ಮಲವನ್ನು ಪರೀಕ್ಷಿಸಿ, ಪ್ರವಾಸಿಗಳ ವಾಹನಗಳು ತುಂಬುವ ಕಾಲದಲ್ಲಿ ಅವುಗಳ ದೇಹದಲ್ಲಿ ಉದ್ವೇಗದ ಸ್ರಾವವು ಹೆಚ್ಚಿರುವುದನ್ನು ೨೦೧೯ರಲ್ಲಿ ಪ್ರಕಟಿಸಿದರು. ಇದೇ ಜಾತಿಯ ಸ್ರಾವವು ನಮ್ಮ ದೇಹದಲ್ಲಿಯೂ ಉಂಟು. ಅಲ್ಪಕಾಲ ಹೆಚ್ಚಿದರೆ ಅದು ಪ್ರಾಣರಕ್ಷಕ. ಬಹುಕಾಲ ಹೆಚ್ಚಿಯೇ ಇದ್ದರೆ ಮನುಷ್ಯನ ಎಲುಬು ಟೊಳ್ಳಾಗುವುದನ್ನು ಎಲುಬುವೈದ್ಯರೆಲ್ಲರೂ ಬಲ್ಲರು. ಮತ್ತೊಂದು ಸಂಗತಿಯೂ ಉಂಟು. ಅಟ್ಟಿಸಿಕೊಂಡು ಹೋಗಿ ಹಿಡಿದ ಜಿಂಕೆಯು ಒಂದೆಲುಬೂ ಮುರಿಯದಿದ್ದರೂ ಕೆಲವು ಗಂಟೆಗಳ ಅಥವಾ ದಿವಸಗಳ ತರುವಾಯ ಸಾಯುವುದುಂಟು. ಅತಿಯಾದ ಭಯಶ್ರಮಗಳಿಂದ ಅದರ ಮಾಂಸಖಂಡಗಳು ಒಡೆದು, ಅವುಗಳ ಅಂಶವು ರಕ್ತದಲ್ಲಿ ಸೇರಿ ಮೂತ್ರಪಿಂಡಗಳನ್ನು ಕೆಡಿಸುವುದೇ ಇದಕ್ಕೆ ಕಾರಣ. ದಾರಿಯಲ್ಲಿ ಗಾಯಗೊಂಡ ಮೃಗವನ್ನು ಕಂಡಾಗ ಸುತ್ತುಗಟ್ಟಿ ನಿಲ್ಲುವುದೂ ನೀರು ಕುಡಿಸಲು ಹೋಗುವುದೂ ಉಪಕಾರವಲ್ಲ. ಜನರನ್ನು ಚದುರಿಸಿ ಅರಣ್ಯ ಇಲಾಖೆಗೆ ತಿಳಿಸುವುದೇ ಉಪಕಾರವು.

ಈಗ ತಮ್ಮ ಮನಸ್ಸಿಗೆ ಸ್ವಲ್ಪ ಕಠಿಣವಾಗಿ ತೋರಬಹುದಾದ ಮಾತನ್ನು ಹೇಳಬೇಕಾಗಿದೆ. ಚಾರ್ಮಾಡಿಯ ತಿರುವುಗಳಲ್ಲಿ ಯಾತ್ರಿಕರು ವಾಹನವನ್ನು ನಿಲ್ಲಿಸಿ ಮಂಗಗಳಿಗೆ ಬಾಳೆಹಣ್ಣು ಕಡಲೆಗಳನ್ನು ಎಸೆಯುವುದನ್ನು ಎಲ್ಲರೂ ಬಲ್ಲರು. ಹಸಿದವನಿಗೆ ಉಣಿಸುವುದು ಈ ಮಠದ ಪರಂಪರೆಯ ಉಸಿರಾಗಿರುವುದರಿಂದ ದಾಸೋಹದ ಭಾವವೇ ಅಲ್ಲಿಯೂ ಕೈಯನ್ನು ಮುಂದೆ ಮಾಡಿಸುವುದು. ಭಾವವು ಶುದ್ಧವೆಂಬುದರಲ್ಲಿ ಸಂದೇಹವಿಲ್ಲ. ಫಲವು ಮಾತ್ರ ಬೇರೆ. ತಲೆಗೂದಲನ್ನು ಟೋಪಿಯಂತೆ ಹೊತ್ತ ನಮ್ಮ ಈ ಮಂಗವು ದಕ್ಷಿಣ ಭಾರತವನ್ನು ಬಿಟ್ಟು ಬೇರೆಲ್ಲಿಯೂ ಇಲ್ಲ. ಕಾಡಿನಲ್ಲಿ ಅದು ಹಣ್ಣು, ಚಿಗುರು, ಹುಳುಗಳನ್ನು ಹುಡುಕುತ್ತ ಹರಡಿಕೊಂಡು ತಿರುಗುವುದು. ಒಂದೇ ಕಡೆ ರಾಶಿಯಾಗಿ ಸಿಕ್ಕುವ ತಿಂಡಿಯು ಗುಂಪಿನೊಳಗೆ ಜಗಳವನ್ನು ಹೆಚ್ಚಿಸುವುದು, ಮರಿಗಳನ್ನು ಗಾಲಿಗಳ ಕೆಳಕ್ಕೆ ಎಳೆಯುವುದು, ಮನುಷ್ಯನಿಂದ ದೂರವಿರಬೇಕೆಂಬ ಹುಟ್ಟುಬುದ್ಧಿಯನ್ನು ಅಳಿಸುವುದು. ಹಾಗೆ ಭಯವಳಿದ ಮಂಗವೇ ನಾಳೆ ಕಾಡಂಚಿನ ರೈತನ ತೋಟಕ್ಕೆ ನುಗ್ಗಿ ಎಳೆಯ ತೆಂಗಿನಕಾಯಿಗಳನ್ನು ಕೀಳುವುದು. ದಾರಿಹೋಕನು ಪುಣ್ಯವೆಂದು ಕೊಟ್ಟುದರ ಬೆಲೆಯನ್ನು ಬಡ ರೈತನು ತೆರಬೇಕಾಗುವುದು. ಮೈಸೂರು ವಿಶ್ವವಿದ್ಯಾನಿಲಯದ ಮೇವಾ ಸಿಂಗರೂ ಅವರ ಸಂಗಡಿಗರೂ ೧೯೮೯ರಿಂದ ೨೦೦೯ರವರೆಗೆ ಮೈಸೂರಿನ ಸುತ್ತಣ ಹೆದ್ದಾರಿಗಳಲ್ಲಿ ಲೆಕ್ಕವಿಟ್ಟು, ದಾರಿಬದಿಯ ಈ ಮಂಗಗಳ ಸಂಖ್ಯೆಯು ತೀವ್ರವಾಗಿ ಇಳಿದುದನ್ನು ತೋರಿಸಿದರು. ಅವುಗಳಿಗೆ ಆಹಾರವನ್ನೂ ಆಶ್ರಯವನ್ನೂ ಕೊಡುತ್ತಿದ್ದ ಆಲ, ಅತ್ತಿಗಳ ಜಾತಿಯ ಸಾಲುಮರಗಳು ಇಲ್ಲವಾದುದು ಅದಕ್ಕೆ ಒಂದು ಮುಖ್ಯ ಕಾರಣ. ಮಂಗಕ್ಕೆ ಉಣಿಸಬೇಕೆಂಬವರು ಒಂದು ಅತ್ತಿಯ ಗಿಡವನ್ನು ದಾರಿಯಿಂದ ದೂರದಲ್ಲಿ ನೆಟ್ಟು ಬೆಳೆಸಲಿ. ಅದು ಯಾರ ಕೈಯನ್ನೂ ಕಾಯದೆ ಉಣಿಸುತ್ತಲೇ ಇರುವುದು.

ಹಾಗಾದರೆ ಮನುಷ್ಯರು ಘಟ್ಟವನ್ನೇರಬಾರದೇ, ದಾರಿಗಳನ್ನು ಮುಚ್ಚಬೇಕೇ ಎಂದು ಕೇಳುವವರುಂಟು. ನಮ್ಮೂರಿನ ಆಸ್ಪತ್ರೆಗೂ ಸಂತೆಗೂ ದಾರಿಯು ಬೇಕು. ಕಾಡಂಚಿನ ತೋಟಕ್ಕೆ ಇರುಳಿನಲ್ಲಿ ಆನೆಯು ಬಂದಾಗ ಕತ್ತಲಲ್ಲಿ ಓಡಿ ಬಿದ್ದ ರೈತನ ನೋವು ಹುಸಿಯಲ್ಲ. ಎಲುಬಿನ ವಿಷಯದಲ್ಲಿ ಹೇಳಿದ ಮಾತೇ ಇಲ್ಲಿಯೂ ಸಲ್ಲುವುದು. ಬೇಕಾದ ಕಡೆಯಲ್ಲಿ ನೆಮ್ಮದಿ, ಬೇಕಾದ ಕಡೆಯಲ್ಲಿ ಸಂಚಾರ. ಬಂಡೀಪುರದ ಹೆದ್ದಾರಿಗಳಲ್ಲಿ ೨೦೦೯ರಲ್ಲಿ ರಾತ್ರಿ ೯ರಿಂದ ಬೆಳಗಿನ ೬ ಗಂಟೆಯವರೆಗೆ ವಾಹನಸಂಚಾರವು ನಿಷೇಧಿಸಲ್ಪಟ್ಟಿತು. ೨೦೧೦ರಲ್ಲಿ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ನಮಗೆ ಹೆದರಿ ಮೃಗಗಳು ಹಗಲನ್ನು ನಮಗೆ ಬಿಟ್ಟಿರಲು, ಇರುಳನ್ನಾದರೂ ಅವುಗಳಿಗೆ ಬಿಡುವುದು ನ್ಯಾಯವಲ್ಲವೇ? ಅಣ್ಣಾಮಲೆಯ ವಾಲ್ಪಾರೈಯಲ್ಲಿ ಸಿಂಗಳೀಕಗಳು ದಾರಿಗಿಳಿದು ವಾಹನಗಳಿಗೆ ಸಿಕ್ಕಿ ಸಾಯುತ್ತಿದ್ದುದರಿಂದ, ದಾರಿಯ ಮೇಲೆ ಮರದಿಂದ ಮರಕ್ಕೆ ತೂಗುಸೇತುವೆಗಳನ್ನು ಕಟ್ಟಲಾಗಿದೆ. ಸಿಂಗಳೀಕಗಳು ಅವುಗಳನ್ನು ಬಳಸುತ್ತಿವೆ. ದಾರಿಯಿಂದ ತುಂಡಾದ ಕಾಡಿನ ಎರಡು ತುದಿಗಳಿಗೆ ಇದೊಂದು ಪಟ್ಟಿಯಿದ್ದಂತೆ. ಸಿಂಗಳೀಕಗಳು ಕುದುರೆಮುಖದ ಮಳೆಕಾಡುಗಳಲ್ಲಿಯೂ ಇವೆ. ಆ ಕಾಡುಗಳು ೧೯೮೭ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲ್ಪಟ್ಟುವು. ಅಲ್ಲಿಯ ಕಬ್ಬಿಣದ ಗಣಿಯು ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಂತೆ ೨೦೦೫ರ ಕೊನೆಗೆ ನಿಂತಿತು. ಅಗೆತವು ನಿಂತ ಆ ಬೆಟ್ಟಗಳಿಗೆ ಈಗ ಬೇಕಾದುದು ಕಾಲವೂ ನೆಮ್ಮದಿಯೂ.

ಆದುದರಿಂದ ಯಾತ್ರೆಗೆ ಹೊರಡುವ ಶರಣಬಂಧುಗಳಲ್ಲಿ ನನ್ನ ಬಿನ್ನಹವಿಷ್ಟೇ. ಘಟ್ಟದ ದಾರಿಯಲ್ಲಿ ನಿಧಾನವಾಗಿ ಸಾಗಿರಿ. ಅದರಿಂದ ತಮ್ಮ ಎಲುಬೂ ಮೃಗದ ಎಲುಬೂ ಉಳಿಯುವುವು. ಮಂಗಗಳಿಗೆ ಏನನ್ನೂ ಎಸೆಯಬೇಡಿರಿ. ಉಂಡ ಎಲೆಯನ್ನೂ ಚೀಲವನ್ನೂ ಬಿಟ್ಟುಬರಬೇಡಿರಿ. ಕಾಡಿನಲ್ಲಿ ಕಹಳೆ ಪಟಾಕಿಗಳ ಸದ್ದು ಬೇಡ. ಹಗಲಿನಲ್ಲಿ ದಾಟಬಹುದಾದ ಕಾಡನ್ನು ಇರುಳಿನಲ್ಲಿ ದಾಟಬೇಡಿರಿ. ಕೊಡುವುದು ದಯೆಯಾಗಿರುವಂತೆ ಕೆಲವೆಡೆ ದೂರ ನಿಲ್ಲುವುದೂ ದಯೆಯೇ ಆಗಿದೆ. ಮಕ್ಕಳಿಗೆ ಮೊದಲನೆಯದನ್ನು ಕಲಿಸಿರುವ ಹಿರಿಯರು ಎರಡನೆಯದನ್ನೂ ಕಲಿಸಲೆಂದು ಪ್ರಾರ್ಥಿಸುವೆನು.