ಹೊಸ ವರ್ಷ, ಹಳೆಯ ಸಂಕಲ್ಪ

ನಮ್ಮ ನಾಡಿನ ಎಷ್ಟೋ ಮನೆಗಳಿಗೆ ಹೊಸ ವರ್ಷವು ಎರಡು ಸಲ ಬರುತ್ತದೆ: ಜನವರಿಯ ಮೊದಲ ದಿನ ಗೋಡೆಯ ಕ್ಯಾಲೆಂಡರಿನೊಡನೆ ಒಮ್ಮೆ, ಯುಗಾದಿಯಂದು ಪಂಚಾಂಗದೊಡನೆ ಇನ್ನೊಮ್ಮೆ. ಮೊದಲನೆಯದರಂದು ನಿರ್ಧಾರಗಳನ್ನು ಕೈಗೊಳ್ಳುತ್ತೇವೆ. ಎರಡನೆಯದರಂದು ಬೇವುಬೆಲ್ಲವನ್ನು ಸವಿಯುತ್ತೇವೆ. ಜನವರಿಯ ನಿರ್ಧಾರಗಳಲ್ಲಿ ಹೆಚ್ಚಿನವು ಯುಗಾದಿಯ ವೇಳೆಗೆ ಮರೆತುಹೋಗಿರುವುದರಿಂದ, ಆ ಬೇವಿನ ಕಹಿ ಸಮಯೋಚಿತವೆಂದೇ ಹೇಳಬೇಕು.

ಈಚೆಗೆ ಮನೆಯ ಅಟ್ಟವನ್ನು ಚೊಕ್ಕಟಗೊಳಿಸುವಾಗ ನನ್ನ ಹಳೆಯ ದಿನಚರಿ ಪುಸ್ತಕಗಳ ಕಟ್ಟೊಂದು ಸಿಕ್ಕಿತು. ಒಟ್ಟು ಹನ್ನೆರಡು ವರ್ಷಗಳವು. ಪ್ರತಿಯೊಂದರ ಮೊದಲ ಪುಟದಲ್ಲೂ ಆ ವರ್ಷದ ಗುರಿಗಳ ಪಟ್ಟಿ: ಬೆಳಗಿನ ಜಾವ ಐದಕ್ಕೆ ಏಳಬೇಕು, ಸಿಟ್ಟನ್ನು ಗೆಲ್ಲಬೇಕು, ಸ್ವಂತ ಮನೆ ಕಟ್ಟಿಸಬೇಕು, ಸುಖವಾಗಿರಬೇಕು. ಇವುಗಳ ನಡುವೆ ಹನ್ನೊಂದು ಪಟ್ಟಿಗಳಲ್ಲಿ ತಪ್ಪದೆ ಕಾಣುವ ಇನ್ನೊಂದು ಸಾಲಿತ್ತು: ಅಮ್ಮನಿಗೆ ವಾರಕ್ಕೊಂದು ಕಾಗದ ಬರೆಯಬೇಕು. ಮನೆ ಕಟ್ಟಿಸಿದ್ದಾಯಿತು. ಸಿಟ್ಟು ವಯಸ್ಸಿನೊಡನೆ ತಾನಾಗಿಯೇ ತಗ್ಗಿತು. ಕಾಗದದ ಸಾಲು ಮಾತ್ರ ವರ್ಷದಿಂದ ವರ್ಷಕ್ಕೆ ನಕಲಾಗುತ್ತ ಬಂದು, ಹನ್ನೆರಡನೆಯ ಪುಸ್ತಕದಲ್ಲಿ ಇಲ್ಲವಾಯಿತು. ಆ ವೇಳೆಗೆ ಕಾಗದವನ್ನು ಓದಲು ಅಮ್ಮ ಉಳಿದಿರಲಿಲ್ಲ.

ನಿಮ್ಮ ಅನುಕಂಪವನ್ನು ಬಯಸಿ ಇದನ್ನು ಹೇಳುತ್ತಿಲ್ಲ. ಎಲ್ಲಕ್ಕಿಂತ ಸುಲಭವಾದ ಆ ನಿರ್ಧಾರವೇ ಏಕೆ ಸೋತಿತೆಂದು ಯೋಚಿಸಿದೆ. ಮನೆಗೆ ಸಾಲದ ಕಂತಿತ್ತು, ಮೇಸ್ತ್ರಿಗೆ ಹಣ ಕೊಡುವ ಶನಿವಾರವಿತ್ತು. ಕಾಗದಕ್ಕಾದರೋ ಅರ್ಧ ಗಂಟೆ ಸಾಕಿತ್ತು. ಯಾವ ದಿನ ಬೇಕಾದರೂ ಬರೆಯಬಹುದಿತ್ತು. ಆದುದರಿಂದಲೇ ಯಾವ ದಿನವೂ ಅದರ ದಿನವಾಗಲಿಲ್ಲ. ಮೊದಲು ನನ್ನ ಬದುಕು ನೆಲೆಗೊಳ್ಳಲಿ, ನಾನು ಸುಖಿಯಾಗುವೆ, ಆಮೇಲೆ ಉಳಿದವರು ಎಂಬ ಲೆಕ್ಕಾಚಾರವೂ ಒಳಗೆ ಇದ್ದಿರಬೇಕು.

ನಿರ್ಧಾರಕ್ಕೆ ನಮ್ಮಲ್ಲಿ ಸಂಕಲ್ಪವೆಂಬ ಹಳೆಯ ಹೆಸರಿದೆ. ಪೂಜೆಯ ಆರಂಭದಲ್ಲಿ ಪುರೋಹಿತರು ಹೇಳಿಸುವ ಸಂಕಲ್ಪವನ್ನು ಗಮನಿಸಿದ್ದೀರಾ? ಅದು ಕಲ್ಪ, ಮನ್ವಂತರ, ಯುಗಗಳಿಂದ ತೊಡಗಿ, ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿಗಳೆಂದು ಮೆಟ್ಟಿಲಿಳಿಯುತ್ತ, ಈ ಒಂದು ದಿನಕ್ಕೆ ಬಂದು ನಿಲ್ಲುತ್ತದೆ. ಬಳಿಕ ಆಯುರಾರೋಗ್ಯಗಳನ್ನು ಕೋರುತ್ತದೆ; ಒಬ್ಬನಿಗಾಗಿ ಅಲ್ಲ, 'ಸಹಕುಟುಂಬಾನಾಂ' ಎಂದು ಮನೆಮಂದಿಗೆಲ್ಲ. ಕೊನೆಗೆ 'ಕರಿಷ್ಯೇ', ಅಂದರೆ ಮಾಡುತ್ತೇನೆ, ಎಂದು ಒಂದು ಕೆಲಸಕ್ಕೆ ಮಾತು ಕೊಡುತ್ತದೆ. ಪೂಜೆಯಲ್ಲಿ ನಂಬಿಕೆಯಿಲ್ಲದವರೂ ಈ ಮಾತಿನ ಕ್ರಮದಿಂದ ಕಲಿಯಬಹುದು: ಕಾಲ ಎಷ್ಟೇ ವಿಶಾಲವಾಗಿರಲಿ, ನಮ್ಮ ಕೈಗೆ ಸಿಗುವುದು ಇಂದಿನ ದಿನ; ಕೋರಿಕೆ ಎಲ್ಲರಿಗಾಗಿ; ಹೊಣೆ ಮಾತ್ರ ನನ್ನದು.

ಸುಖವನ್ನು ನೇರವಾಗಿ ಅರಸಿದರೆ ಅದು ದೊರೆಯದೆಂಬುದನ್ನು ಜಾನ್ ಸ್ಟುವರ್ಟ್ ಮಿಲ್ ಎಂಬ ಇಂಗ್ಲಿಷ್ ಚಿಂತಕ ಸ್ವಾನುಭವದಿಂದ ಕಂಡುಕೊಂಡ. ಮೂರನೆಯ ವಯಸ್ಸಿಗೇ ಗ್ರೀಕ್ ಕಲಿಯತೊಡಗಿದ ಮೇಧಾವಿ ಅವನು. ಲೋಕಸುಧಾರಣೆಯೇ ಬಾಳಿನ ಗುರಿಯೆಂದು ನಂಬಿದ್ದವನು. 1826ರಲ್ಲಿ, ತನ್ನ ಇಪ್ಪತ್ತನೆಯ ವಯಸ್ಸಿನಲ್ಲಿ, ಅವನು ತನ್ನನ್ನೇ ಕೇಳಿಕೊಂಡ: ಬಯಸಿದ ಸುಧಾರಣೆಗಳೆಲ್ಲವೂ ಈ ಕ್ಷಣವೇ ಕೈಗೂಡಿದರೆ ನಾನು ಸುಖಿಯಾಗುವೆನೆ? ಇಲ್ಲವೆಂದು ಮನಸ್ಸು ನುಡಿಯಿತು. ತಿಂಗಳುಗಟ್ಟಲೆ ಅವನನ್ನು ವಿಷಾದ ಆವರಿಸಿತು. ಮಾರ್ಮಾಂಟೆಲ್ ಎಂಬ ಫ್ರೆಂಚ್ ಲೇಖಕನ ಆತ್ಮಕಥೆಯ ಒಂದು ಪ್ರಸಂಗ ಆ ಕತ್ತಲೆಗೆ ಮೊದಲ ಬೆಳಕನ್ನು ತಂದಿತು. ತಂದೆ ತೀರಿಕೊಂಡಾಗ, ಮನೆಯವರು ಕಳೆದುಕೊಂಡದ್ದಕ್ಕೆಲ್ಲ ಇನ್ನು ತಾನೇ ಆಸರೆಯಾಗುವೆನೆಂದು ಬಾಲಕನೊಬ್ಬ ಭಾವಿಸುವ ಪ್ರಸಂಗವದು. ಓದುತ್ತ ಮಿಲ್ ಕಣ್ಣೀರಿಟ್ಟ. ಎದೆಯ ಭಾರ ಹಗುರಾಯಿತು. ಲೋಕದ ಹಿತವೆಂಬ ದೂರದ ಗುರಿ ಸಂತೈಸಲಾರದವನನ್ನು ಒಂದು ಮನೆಯ ದುಃಖ ಮೇಲೆತ್ತಿತು. ಸುಖವನ್ನು ಮರೆತು ಬೇರೊಂದರಲ್ಲಿ, ಇತರರ ಹಿತದಲ್ಲಿಯೋ ಒಂದು ಕಲೆಯಲ್ಲಿಯೋ ಮನಸ್ಸಿಟ್ಟವರಿಗೆ ಸುಖವು ದಾರಿಯಲ್ಲಿ ಎದುರಾಗುತ್ತದೆಂದು, 1873ರಲ್ಲಿ ಪ್ರಕಟವಾದ ತನ್ನ ಆತ್ಮಕಥೆಯಲ್ಲಿ ಅವನು ಹೇಳಿದ್ದಾನೆ.

ಹಾಗೆಂದು ದೊಡ್ಡ ಗುರಿಗಳು ಬೇಡವೆಂದಲ್ಲ. ಜರ್ಮನಿಯಲ್ಲಿ ಹುಟ್ಟಿದ ಫರ್ಡಿನಾಂಡ್ ಕಿಟ್ಟೆಲ್ 1853ರಲ್ಲಿ ನಮ್ಮ ನಾಡಿಗೆ ಬಂದರು. ಸುಮಾರು 70,000 ಶಬ್ದಗಳ ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದುದು 1894ರಲ್ಲಿ. ನಡುವೆ ನಲವತ್ತೊಂದು ಜನವರಿಗಳು ಬಂದುಹೋಗಿದ್ದವು. ನಿಘಂಟಿನಂಥ ಕೆಲಸ ಯಾವ ಒಂದು ವರ್ಷದ ಪಟ್ಟಿಗೂ ಸೇರುವಂಥದಲ್ಲ. ಒಂದು ಶಬ್ದವಾದ ಮೇಲೆ ಮುಂದಿನ ಶಬ್ದ, ಅದರ ಮೇಲೆ ಮತ್ತೊಂದು; ಅಷ್ಟೇ ಅದರ ದಾರಿ.

ಈ ವರ್ಷ ನನ್ನ ದಿನಚರಿಯ ಮೊದಲ ಪುಟದಲ್ಲಿ ಪಟ್ಟಿಯಿಲ್ಲ. ಭಾನುವಾರದ ಸಂಜೆಯನ್ನು ಊರಿನಲ್ಲಿರುವ ಅಕ್ಕನಿಗೆ ಕಾಗದ ಬರೆಯಲು ಮೀಸಲಿಟ್ಟಿದ್ದೇನೆ. ಫೋನು ಇದೆಯಲ್ಲ ಎಂದು ಮನೆಯ ಮಕ್ಕಳು ನಗುತ್ತಾರೆ. ಇದೆ, ಮಾತನಾಡುವುದೂ ಉಂಟು. ಆದರೆ ಅಕ್ಕ ಕಾಗದಗಳನ್ನು ದಿಂಬಿನ ಕೆಳಗಿಟ್ಟುಕೊಂಡು ಮತ್ತೆ ಮತ್ತೆ ಓದುತ್ತಾಳಂತೆ. ಮೊನ್ನೆ ಅವಳ ಉತ್ತರ ಬಂತು: 'ನಿನ್ನ ಅಕ್ಷರ ಇನ್ನೂ ಕಾಗೆಕಾಲು ಗುಬ್ಬಿಕಾಲೇ ಕಣೋ. ಅಮ್ಮನಿದ್ದಿದ್ದರೆ ಬೈಯುತ್ತಿದ್ದಳು.' ಅದನ್ನು ಓದಿ ನಕ್ಕೆ. ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಆ ಹೊತ್ತಿನಲ್ಲಿ ನಾನು ಸುಖಿಯೇ ಎಂದು ಕೇಳಿಕೊಳ್ಳಲು ನನಗೆ ತೋಚಲೇ ಇಲ್ಲ.

ತಮಗೂ, ತಮ್ಮ ಕಾಗದಕ್ಕಾಗಿ ಕಾದಿರುವವರಿಗೂ ಹೊಸ ವರ್ಷದ ಶುಭಾಶಯಗಳು.